ಮುಳುಗಡೆಯ ಗೆರೆ ಮತ್ತು ಕೈಪಿಡಿ



1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಶರಾವತಿ ಕಣಿವೆಯನ್ನು ಆವರಿಸಿದಾಗ, ನೀರು ಎಲ್ಲಿಯವರೆಗೆ ಬರುವುದೆಂಬ ಗೆರೆ ಇದ್ದದ್ದು ಇಂಜಿನಿಯರರ ನಕಾಶೆಯಲ್ಲಿ. ಅದನ್ನು ಪರೀಕ್ಷಿಸುವ ಉಪಕರಣ ರೈತನ ಕೈಯಲ್ಲಿರಲಿಲ್ಲ. ಅದೇ ವರ್ಷ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಅಣೆಕಟ್ಟೆಯ ಅಡಿಗಲ್ಲು ಬಿತ್ತು. ಗೊಳಸಂಗಿ ಆ ಸೀಮೆಯ ಊರು. ಮುಳುಗಡೆ ಎಂಬ ಮಾತಿನ ಅರ್ಥವನ್ನು ಮಲೆನಾಡಿಗರು ಅಲ್ಲಿಯವರಿಗೆ ವಿವರಿಸಬೇಕಿಲ್ಲ.

ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವ ಗರಿಷ್ಠ ಮಟ್ಟ 519.6 ಮೀಟರು. 2010ರಲ್ಲಿ ಕೃಷ್ಣಾ ಜಲವಿವಾದಗಳ ಎರಡನೆಯ ನ್ಯಾಯಮಂಡಳಿ ಅದನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿತು. ಅಂತರ ಐದು ಮೀಟರಿಗೂ ಕಡಿಮೆ. ಆದರೆ ಬಯಲುಸೀಮೆಯ ಸಮತಟ್ಟು ನೆಲದಲ್ಲಿ ಅಷ್ಟು ನೀರು ಬಹುದೂರ ಹರಡುತ್ತದೆ.

ಆ ಗೆರೆಯನ್ನು ಇಂದು ಊರಿನ ವಿದ್ಯಾರ್ಥಿಯೂ ಎಳೆಯಬಲ್ಲ. ಕ್ಯೂಜಿಐಎಸ್ ಎಂಬ ಭೂಪಟ ತಂತ್ರಾಂಶ ಉಚಿತ, ಅದರ ಕೈಪಿಡಿಯೂ ಉಚಿತ. ಕೈಪಿಡಿ ಸೊಗಸಾಗಿಯೇ ಇದೆ. ಆದರೂ "ಕೈಪಿಡಿ ಓದಿಕೊಳ್ಳಿ" ಎಂದು ಹೊಸಬರನ್ನು ಸಾಗಹಾಕುವುದು ಕಲಿಸಿದಂತಾಗುವುದಿಲ್ಲ. ತನ್ನ ತೊಡಕಿನ ಹೆಸರು ಬಲ್ಲವನಿಗೆ ಮಾತ್ರ ಕೈಪಿಡಿ ಉತ್ತರ ಕೊಡುತ್ತದೆ. ಹೊಸಬನಿಗೆ ತಿಳಿಯದಿರುವುದು ಆ ಹೆಸರೇ.

ಹೊಲದ ಬಾಂದುಕಲ್ಲಿನ ಬಳಿ ಮೊಬೈಲು ತೋರಿಸಿದ ಎರಡು ಅಂಕಿಗಳನ್ನು ವಿದ್ಯಾರ್ಥಿನಿಯೊಬ್ಬಳು ಗಣಕಕ್ಕೆ ತುಂಬುತ್ತಾಳೆನ್ನಿ: ಅಕ್ಷಾಂಶ 16ರ ಆಸುಪಾಸು, ರೇಖಾಂಶ 76ರ ಆಸುಪಾಸು. ತಂತ್ರಾಂಶ ಮೊದಲು ಕೇಳುವುದು ರೇಖಾಂಶವನ್ನು. ಅವಳು ಓದಿದ ಕ್ರಮದಲ್ಲೇ ತುಂಬಿದರೆ ಆಲಮಟ್ಟಿ ಸೀಮೆಯ ಹೊಲ ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣದ ಹಿಮಸಾಗರದಲ್ಲಿ ಬೀಳುತ್ತದೆ! ಪರದೆ ಬರಿದಾಗಿ ಕಾಣುತ್ತದೆ, ತಪ್ಪಿನ ಸೂಚನೆಯೂ ಬರುವುದಿಲ್ಲ. ಪಕ್ಕದಲ್ಲಿ ಕುಳಿತ ಬಲ್ಲವರು ಮೌಸನ್ನು ಕಿತ್ತುಕೊಂಡು ಸರಿಪಡಿಸಿದರೆ ಹೊಲ ಹಿಂದಿರುಗುತ್ತದೆ, ಕಲಿಕೆ ಹಿಂದಿರುಗುವುದಿಲ್ಲ. "ಇವೆರಡರಲ್ಲಿ ಪೂರ್ವವನ್ನು ಹೇಳುವ ಅಂಕಿ ಯಾವುದು?" ಎಂದು ಕೇಳಿ ಸುಮ್ಮನಿರುವುದು ಕಷ್ಟ. ಕಲಿಸುವವರು ಮೊದಲು ಕಲಿಯಬೇಕಾದದ್ದು ಆ ಸಂಯಮವನ್ನು.

ಇದಕ್ಕಿಂತ ಗಂಭೀರವಾದ ತಪ್ಪು ಬರಿದಾದ ಪರದೆಯಲ್ಲಿ ಅಲ್ಲ, ಚೆಲುವಾದ ಚಿತ್ರದಲ್ಲಿ ಅಡಗಿರುತ್ತದೆ. ಎಂಡೀವರ್ ಎಂಬ ಅಮೆರಿಕದ ಗಗನನೌಕೆ 2000ದ ಫೆಬ್ರವರಿಯಲ್ಲಿ 11 ದಿನ ರಾಡಾರಿನಿಂದ ಭೂಮಿಯ ಎತ್ತರಗಳನ್ನು ಅಳೆಯಿತು. ಆ ಮಾಹಿತಿ ಉಚಿತವಾಗಿ ಸಿಗುತ್ತದೆ. ಅದರಿಂದ 524 ಮೀಟರಿನ ಸಮೋನ್ನತಿ ರೇಖೆ ಎಳೆಯಲು ಕೆಲವು ನಿಮಿಷ ಸಾಕು. ನೀಲಿ ಗೆರೆ ಹೊಲಮನೆಗಳ ನಡುವೆ ನಂಬುವಂತೆಯೇ ಮೂಡುತ್ತದೆ. ಆದರೆ ಆ ಅಳತೆಯಲ್ಲಿ ಸುಮಾರು 30 ಮೀಟರು ಚೌಕದ ನೆಲಕ್ಕೆ ಒಂದೇ ಅಂಕಿ, ಅದೂ ಪೂರ್ಣ ಮೀಟರುಗಳಲ್ಲಿ. ರೂಪಿಸಿದವರೇ 16 ಮೀಟರಿನವರೆಗಿನ ದೋಷಕ್ಕೆ ಅವಕಾಶವಿಟ್ಟಿದ್ದರು. ನಿಜವಾದ ದೋಷ ಅದಕ್ಕಿಂತ ಕಡಿಮೆಯಿದ್ದರೂ ಕೆಲವು ಮೀಟರು ಉಳಿದೇ ಇರುತ್ತದೆ. ಅಂದು ನೀರು ನಿಂತಿದ್ದ ಕಡೆ ರಾಡಾರು ಕಂಡದ್ದು ನೀರಿನ ಮೇಲ್ಮೈಯನ್ನು, ನೆಲವನ್ನಲ್ಲ. ಐದು ಮೀಟರಿನ ಪ್ರಶ್ನೆಗೆ ಇಂಥ ಅಳತೆಗೋಲು ಸಾಲದು. ಆ ಗೆರೆಯನ್ನು ನಂಬಿ ಒಂದು ಕುಟುಂಬ ಹೊಲ ಮಾರಿದರೆ ಅಥವಾ ಮನೆ ಕಟ್ಟಿದರೆ ಹೊಣೆ ಯಾರದು?

ಆದ್ದರಿಂದ ಕಲಿಸುವವರು ಗಣಕದ ಮುಂದೆಯೇ ಕುಳಿತಿರಲಾಗದು. ಗೆರೆಯನ್ನು ಗ್ರಾಮ ನಕಾಶೆಯ ಮೇಲೆ ಮುದ್ರಿಸಿಕೊಂಡು ವಿದ್ಯಾರ್ಥಿಗಳೊಡನೆ ಹೊಲಕ್ಕೆ ನಡೆಯಬೇಕು. ಮಳೆನೀರು ಯಾವ ಬದುವಿನಿಂದ ಯಾವ ಹಳ್ಳಕ್ಕೆ ಇಳಿಯುತ್ತದೆಂದು ಹಿರಿಯರು ಬಲ್ಲರು. ಪರದೆಯ ಮೇಲೆ ತಗ್ಗಾಗಿ ಕಂಡದ್ದು ಕಾಲಡಿಯಲ್ಲಿ ದಿಬ್ಬವಾದರೆ ವಿದ್ಯಾರ್ಥಿಗೆ ಮೊದಲ ಸ್ವಂತ ಪ್ರಶ್ನೆ ಹುಟ್ಟುತ್ತದೆ. ಅಲ್ಲಿಂದ ಮುಂದೆ ಕೈಪಿಡಿ ಅವನಿಗೆ ಉಪಯುಕ್ತ. ಯಾವ ಪುಟ ತೆರೆಯಬೇಕೆಂದು ಅವನೇ ಬಲ್ಲ.

ಆ ಪ್ರಶ್ನೆಗೆ ಇನ್ನೊಂದು ದಾರಿಯೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆದು, ತನ್ನ ಸರ್ವೆ ನಂಬರಿನಲ್ಲಿ 524.256 ಮೀಟರಿನ ಮಟ್ಟವನ್ನು ಯಾವ ಆಧಾರಕಲ್ಲಿನಿಂದ, ಯಾವ ದಿನ ಅಳೆಯಲಾಯಿತೆಂದು ಅವನು ಕೇಳಬಹುದು.