ಕಣ್ಣಿಗೆ ಬೀಳದ ಚೈನು

ತಂಗಿಯ ಮದುವೆಗೆ ಪೈಠಣಿ ಸೀರೆ ನೋಡಲೆಂದು ಅಪ್ಪನ ಹಳೆಯ ಯೆಜ್ಡಿಯಲ್ಲಿ ಯೇವಲಾಕ್ಕೆ ಹೊರಟಿದ್ದೆ. ಊರು ಹತ್ತಿರವಾದಾಗ ಹಿಂದಿನಿಂದ ಕಟಕಟ ಸದ್ದು. ನಿಲ್ಲಿಸಿ ನೋಡಿದರೆ ಚೈನ್ ಲಾಕಿನ ಕ್ಲಿಪ್ಪೇ ಇಲ್ಲ! ಓಟದಲ್ಲಿ ಚೈನು ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಅಲ್ಲೇ ಹಿಡಿದುಕೊಳ್ಳುತ್ತದೆ. ನನ್ನ ಬೆನ್ನಿಗೇ ಈರುಳ್ಳಿ ಲಾರಿ ಬರುತ್ತಿತ್ತು.

1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಈ ಬೈಕಿನಲ್ಲಿ ಚೈನು ಪೂರಾ ತಗಡಿನ ಕವರು, ರಬ್ಬರ್ ಕೊಳವೆಗಳ ಒಳಗೆ. ಧೂಳು ಅಷ್ಟಾಗಿ ತಾಗದು, ನಮ್ಮ ಕಣ್ಣಿಗೂ ಬೀಳದು. ಅಲ್ಲೇ ಮೋಸ.

ಎಂಜಿನ್ ಆಫ್ ಮಾಡಿ, ರಬ್ಬರ್ ಸರಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬೆರಳು ಜೋಕೆ. ಹಳೆಯ ಚೈನು ಎಲ್ಲೆಡೆ ಒಂದೇ ಸಮ ಸವೆದಿರುವುದಿಲ್ಲ. ಅತಿ ಬಿಗಿಯಾದ ಜಾಗದಲ್ಲೇ ಸಡಿಲ ನೋಡಬೇಕು. ಸುಮಾರು 2 ಸೆಂಟಿಮೀಟರ್ ಆಡಲಿ. ತೀರಾ ಬಿಗಿದರೆ ಗೇರ್‌ಬಾಕ್ಸಿನ ಬೇರಿಂಗ್ ಹಾಳು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, 90 ನಂಬರಿನ ಗೇರ್ ಆಯಿಲ್ ಬಿಡಿ. ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೇ ಇರಬೇಕು. ನನ್ನದು ತಿರುಗುಮುರುಗಾಗಿತ್ತು, ಕೂರಿಸಿದ್ದು ನಾನೇ.

ಯೇವಲಾದ ಮೆಕ್ಯಾನಿಕ್ಕು ಹೊಸ ಕ್ಲಿಪ್ಪು ಹಾಕಿ, ಇನ್ನೊಂದನ್ನು ಟೂಲ್ ಬಾಕ್ಸಿಗೂ ಹಾಕಿಕೊಟ್ಟ. ಸೀರೆ ಅಂಗಡಿಗೆ ಹೋದಾಗ ಕೈಯೆಲ್ಲ ಮಸಿ. ಸೀರೆಗಳನ್ನು ದೂರದಿಂದಲೇ ನೋಡಿದೆ.