ಏರಿಯ ಕೆಳಗೆ ಮಲಗಿದವರು



ಇವತ್ತು ನಾವು ಒಂದು ಹಾಸ್ಟೆಲಿನ ಕತೆ ಹೇಳೋಕೆ ನಿಂತಿದ್ದೀವಿ. ನಮ್ಮ ಹಾಸ್ಟೆಲುಗಳ ಕತೆ ನಿಮಗೆ ಗೊತ್ತೇ ಇದೆ. ನೀರು ಸಾರು, ಮುರಿದ ಕಿಟಕಿ, ಅದನ್ನ ಇನ್ನೊಂದು ದಿನ ಮಾತಾಡೋಣ. ಇದು ಅಮೆರಿಕದ ಜಾರ್ಜಿಯಾ ರಾಜ್ಯದ ಟೊಕೋವಾ ಎಂಬ ಊರಿನ ಹತ್ತಿರ, ಒಂದು ಬೈಬಲ್ ಕಾಲೇಜಿನ ಹುಡುಗರ ಹಾಸ್ಟೆಲು.

1977ರ ನವೆಂಬರ್ 6, ರಾತ್ರಿ ಒಂದೂವರೆ ಗಂಟೆ. ಕೆಲವು ದಿನಗಳಿಂದ ಮಳೆ ಹಿಡಿದಿತ್ತು. ಕಾಲೇಜಿನ ಮೇಲುಗಡೆ 186 ಅಡಿಯ ಒಂದು ಜಲಪಾತ. ಅದಕ್ಕೂ ಮೇಲೆ ಕೆಲ್ಲಿ ಬಾರ್ನ್ಸ್ ಅನ್ನೋ ಮಣ್ಣಿನ ಕಟ್ಟೆ. ಅದು ಒಡೀತು. ಜಲಪಾತದ ಮೇಲಿಂದ ಧುಮುಕಿದ ನೀರು ಮಲಗಿದ್ದ ಹುಡುಗರ ಹಾಸ್ಟೆಲಿನ ಕೆಳಅಂತಸ್ತಿಗೆ ನುಗ್ಗಿತು. ಅಲ್ಲಿಂದ ಮುಂದೆ ಮದುವೆಯಾದ ವಿದ್ಯಾರ್ಥಿಗಳು, ನೌಕರರು ಸಂಸಾರ ಹೂಡಿದ್ದ ಟ್ರೇಲರ್ ಮನೆಗಳು. ಅಡಿಪಾಯವಿಲ್ಲದ ಆ ಮನೆಗಳು ನೀರಿಗೆ ಎಷ್ಟರ ಭಾರ? ಒಟ್ಟು 39 ಜನ ಸತ್ತರು. ಅವರಲ್ಲಿ 20 ಮಂದಿ ಮಕ್ಕಳು.

ಕಟ್ಟೆ ಸರ್ಕಾರದ್ದಲ್ಲ, ಕಾಲೇಜಿನ ಸ್ವಂತದ್ದು. ಉದ್ದ 400 ಅಡಿ, ಎತ್ತರ ಸುಮಾರು 40 ಅಡಿ. ನಮ್ಮ ಬಯಲುಸೀಮೆಯ ಕೆರೆ ಏರಿಗಳ ಮೇಲೆ ಓಡಾಡಿದವರಿಗೆ ಇದು ಮಹಾ ದೊಡ್ಡದೇನೂ ಅಲ್ಲ. 1899ರಲ್ಲಿ ಅಲ್ಲಿ ಮೊದಲು ಕಟ್ಟಿದ್ದು ಕಲ್ಲು ತುಂಬಿದ ಮರದ ಗೂಡಿನ ಒಂದು ಒಡ್ಡು. 1937ರಿಂದೀಚೆಗೆ ಕಾಲೇಜಿನವರು ಕರೆಂಟು ತಯಾರಿಸಲು ಅದರ ಮೇಲೇ ಮಣ್ಣು ಸುರಿದು ಏರಿ ಮಾಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನಷ್ಟು ಎತ್ತರಿಸಿದರು. 1957ಕ್ಕೆ ಕರೆಂಟು ತಯಾರಿಸೋದು ನಿಂತಿತು. ಆಮೇಲೆ ಅದು ಬರೀ ವಿಹಾರದ ಕೆರೆ. ಕೆಲಸಕ್ಕೆ ಬರೋ ಕಟ್ಟೆಯನ್ನೇ ನೋಡಿಕೊಳ್ಳದ ಲೋಕ ಇದು, ಇನ್ನು ಕೆಲಸವಿಲ್ಲದ ಕಟ್ಟೆಯನ್ನು ಯಾರು ಕೇಳ್ತಾರೆ?

ಕಟ್ಟೆ ಮಾತ್ರ ಬಾಯಿಬಿಟ್ಟು ಹೇಳಿತ್ತು. ಅದರ ಹಿಂಬದಿಯ ಇಳಿಜಾರು ತೀರಾ ಕಡಿದು. ಅದರ ಮೇಲೆ ಮರ ಬೆಳೆದಿದ್ದವು. 1973ರಲ್ಲೇ ಆ ಬದಿಯ ಮಣ್ಣು ಒಂದು ಕಡೆ ಜರುಗಿತ್ತು. ಒಡೆದ ಮೇಲೆ ತನಿಖೆ ಮಾಡಿದ ಇಂಜಿನಿಯರುಗಳಿಗೂ ಇದೇ ಒಂದು ಕಾರಣ ಅಂತ ಬೆರಳಿಟ್ಟು ಹೇಳೋಕೆ ಆಗಲಿಲ್ಲ. ಕಡಿದಾದ ಇಳಿಜಾರು ಕುಸಿದಿರಬೇಕು, ಒಳಗಿಂದ ನೀರು ಮಣ್ಣನ್ನ ಕೊರೆದಿರಬೇಕು, ಮೊದಲೇ ನೆನೆದಿದ್ದ ಏರಿ ಪೂರ್ತಿ ಬಿದ್ದಿರಬೇಕು ಅಂದರು.

ಇಲ್ಲಿ ಸ್ವಲ್ಪ ನಿಂತು ಹೇಳ್ತೀವಿ. ಮಣ್ಣಿನ ಏರಿ ಅಂದರೆ ಬೆವರೋ ಮೈ. ಅದರ ಬುಡದಲ್ಲಿ ಸ್ವಲ್ಪ ಜಿನುಗು ಇದ್ದೇ ಇರುತ್ತೆ. ಜಿನುಗೋ ನೀರು ತಿಳಿಯಾಗಿದ್ದರೆ ಕಣ್ಣಿಟ್ಟಿರಬೇಕು. ಕೆಂಪಗೆ ಬಗ್ಗಡವಾಗಿ ಬಂತೋ, ಏರಿಯ ಹೊಟ್ಟೆಯೊಳಗಿನ ಮಣ್ಣೇ ಹೊರಗೆ ಹರೀತಿದೆ ಅಂತ ಅರ್ಥ. ಸತ್ತ ಮರದ ಬೇರು ಕೊಳೆತರೆ ನೀರಿಗೆ ದಾರಿ, ಹೆಗ್ಗಣ ತೋಡಿದರೆ ದಾರಿ. ಕೋಡಿ ಕಟ್ಟಿಕೊಂಡರೆ ನೀರು ಏರಿಯ ಮೇಲೇ ಹತ್ತುತ್ತೆ. ಇದನ್ನೆಲ್ಲ ತಿಳಿಯೋಕೆ ಡಿಗ್ರಿ ಬೇಕಿಲ್ಲ. ನಮ್ಮ ಊರುಗಳಲ್ಲಿ ತೂಬು ಎತ್ತುತ್ತಿದ್ದ ನೀರುಗಂಟಿಗಳು ಎಷ್ಟೋ ಕಡೆ ನಮ್ಮ ಕೇರಿಯವರೇ. ಅವರ ಅಂಗಾಲಿಗೆ ಏರಿಯ ಮೆತ್ತು ಗೊತ್ತಾಗುತ್ತಿತ್ತು. ಗೊತ್ತಿದ್ದವರಿಗೆ ಅಧಿಕಾರ ಇರಲಿಲ್ಲ, ಅಷ್ಟೇ.

ಇನ್ನು ಕಾನೂನಿನ ಮಾತು. ಅಮೆರಿಕದಲ್ಲಿ ಕಾನೂನು ಇರಲಿಲ್ಲವೇ? ಇತ್ತು! 1972ರ ಫೆಬ್ರವರಿಯಲ್ಲಿ ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್ ಕಣಿವೆಯಲ್ಲಿ ಕಲ್ಲಿದ್ದಲು ಕಂಪನಿಯ ಕಸದ ಕಟ್ಟೆ ಒಡೆದು 125 ಜನ ಸತ್ತರು, ಹೆಚ್ಚಿನವರು ಗಣಿ ಕೂಲಿಗಳ ಮನೆಯವರು. ಅದು ದೇವರ ಕೆಲಸ ಅಂದಿತು ಕಂಪನಿ. ಅದೇ ವರ್ಷ ದೇಶದ ಕಟ್ಟೆಗಳನ್ನೆಲ್ಲ ಪರೀಕ್ಷೆ ಮಾಡಬೇಕು ಅಂತ ಕಾಯಿದೆ ಬಂತು. ಪಟ್ಟಿ ತಯಾರಾಯಿತು. ಪರೀಕ್ಷೆಗೆ ದುಡ್ಡು ಮಾತ್ರ ಬರಲಿಲ್ಲ. ಐದು ವರ್ಷ ಕಾಯಿದೆ ಕಾಗದದ ಮೇಲೆ ಮಲಗಿತ್ತು, ಹುಡುಗರು ಕಟ್ಟೆಯ ಕೆಳಗೆ ಮಲಗಿದ್ದರು.

ಟೊಕೋವಾದ ಹೆಣಗಳು ಎದ್ದ ಮೇಲೆ, ಅದೇ ಜಾರ್ಜಿಯಾದವರಾದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸೈನ್ಯದ ಇಂಜಿನಿಯರುಗಳನ್ನು ಕಳಿಸಿದರು. 1981ರ ಹೊತ್ತಿಗೆ ಅಪಾಯದ ಜಾಗದಲ್ಲಿದ್ದ ಸುಮಾರು 8,800 ಕಟ್ಟೆಗಳನ್ನು ನೋಡಿದರು. ಅವುಗಳಲ್ಲಿ ಮೂರರಲ್ಲೊಂದು ಸುರಕ್ಷಿತವಲ್ಲ ಅಂತ ತಿಳಿಯಿತು. ನೋಡೋದೇ ಬೇಡ ಅಂತ ಬಿಟ್ಟಿದ್ದು ಇದನ್ನೇ. ಜಾರ್ಜಿಯಾ 1978ರಲ್ಲಿ ತನ್ನದೇ ಕಾಯಿದೆ ಮಾಡಿತು. ಕಟ್ಟೆ ಕುಸಿದರೆ ಕೆಳಗಿನ ಜನರ ಜೀವ ಹೋಗುವ ಹಾಗಿದ್ದರೆ ಅದು ಮೊದಲ ವರ್ಗದ ಕಟ್ಟೆ ಅಂತ ಅದು ಹೇಳುತ್ತೆ. ಈ ಮಾತನ್ನ ಗುರುತು ಹಾಕ್ಕೊಳ್ಳಿ.

ಹಳೇ ಕತೆ ಅನ್ನಬೇಡಿ. 2018ರ ಮೇ 9ರ ರಾತ್ರಿ ಕೀನ್ಯಾ ದೇಶದ ಸೊಲಾಯ್‌ನಲ್ಲಿ ಒಂದು ಖಾಸಗಿ ಎಸ್ಟೇಟಿನ ಮಣ್ಣಿನ ಕಟ್ಟೆ ಒಡೆದು ಕನಿಷ್ಠ 48 ಜನ ಸತ್ತರು. ಕಟ್ಟೆಗೆ ಪರವಾನಗಿಯೇ ಇರಲಿಲ್ಲ ಅಂತ ಅಧಿಕಾರಿಗಳು ಆಮೇಲೆ ಹೇಳಿದರು. ಅಲ್ಲಿಯ ಜನ ಅದನ್ನ ಪಟೇಲ್ ಡ್ಯಾಂ ಅಂತಿದ್ದರು. ಆ ಹೆಸರು ಕೇಳಿ ನಮ್ಮ ಹಿರಿಯರಿಗೆ ನಗುವೋ ಅಳುವೋ!

ಈಗ ನಮ್ಮ ಲೆಕ್ಕ. ಭಾರತದಲ್ಲೂ 2021ರಲ್ಲಿ ಅಣೆಕಟ್ಟು ಸುರಕ್ಷತೆಯ ಕಾಯಿದೆ ಬಂದಿದೆ. 15 ಮೀಟರಿಗಿಂತ ಎತ್ತರದ್ದೆಲ್ಲ ಅದರೊಳಗೆ ಬರುತ್ತವೆ. 10ರಿಂದ 15 ಮೀಟರಿನದಾದರೆ ಉದ್ದ 500 ಮೀಟರ್ ಇರಬೇಕು, ಇಲ್ಲವೇ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಇಲ್ಲವೇ ಅಂಥದೇ ಇನ್ನೊಂದು ಷರತ್ತಿಗೆ ಸರಿಹೊಂದಬೇಕು. ಟೊಕೋವಾದ ಕಟ್ಟೆಯನ್ನ ಈ ತಕ್ಕಡಿಗೆ ಹಾಕಿ ನೋಡಿ. ಎತ್ತರ ಹನ್ನೆರಡು ಮೀಟರಿನ ಆಸುಪಾಸು. ಉದ್ದ ಬರೀ 122 ಮೀಟರ್. ಒಡೆದಾಗ ಇದ್ದ ನೀರು ಏಳೂಮುಕ್ಕಾಲು ಲಕ್ಷ ಘನ ಮೀಟರ್. ಉದ್ದದಲ್ಲೂ ಫೇಲು, ನೀರಲ್ಲೂ ಫೇಲು. 39 ಜನರನ್ನು ಕೊಂದ ಕಟ್ಟೆ ನಮ್ಮ ಕಾಯಿದೆಯ ಕಣ್ಣಿಗೆ ಬೀಳೋದೇ ಕಷ್ಟ. 10 ಮೀಟರಿಗಿಂತ ಕಡಿಮೆ ಇದ್ದರಂತೂ ಮಾತೇ ಇಲ್ಲ. ಏರಿ ಎಷ್ಟು ಎತ್ತರ ಅಂತ ಮೊದಲು ಕೇಳ್ತಾರೆ. ಕೆಳಗೆ ಯಾರ ಗುಡಿಸಲಿದೆ ಅನ್ನೋ ಪ್ರಶ್ನೆ ಬರೋದು ಆ ಅಳತೆ ದಾಟಿದ ಮೇಲೆ.

ತಗ್ಗಿನ ಜಾಗ ಯಾರ ಪಾಲಿಗೆ ಬಂದಿದೆ ಅಂತ ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ, ಮಳೆಗಾಲದ ನೀರು ತುಂಬಿ ನಿಂತಿರುವಾಗಲೇ, ಏರಿಯ ಹಿಂಬದಿಯ ಬುಡದಲ್ಲಿ ಒಂದು ಸಲ ನಡೆದು ಬನ್ನಿ. ಕಾಫಿ ಸೀಮೆಯ ಹುಡುಗರು ತೋಟದ ಕೆರೆಯ ಕೆಳಗೆ ಲೈನ್ ಮನೆಗಳಿದ್ದರೆ ಎಷ್ಟು, ಎಷ್ಟು ಜನ ಅಂತ ಬರಕೊಳ್ಳಿ. ಜಿನುಗು ಎಲ್ಲಿ, ಬಣ್ಣ ಏನು, ಕೋಡಿ ತೆರವಾಗಿದೆಯೋ, ಯಾವ ತಾರೀಖು ನೋಡಿದಿರಿ. ಅದೇ ಕಾಗದವನ್ನ ಪಂಚಾಯ್ತಿಗೆ, ತಹಸೀಲ್ದಾರರಿಗೆ, ಸಣ್ಣ ನೀರಾವರಿ ಇಲಾಖೆಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕೋಕೆ ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಒಂದು ನಕಲು ನಮಗೆ ತನ್ನಿ, ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರಿನ ಸಮೇತ ಹಾಕ್ತೀವಿ.