ಮಧುಚಂದ್ರದ ಟಿಕೆಟ್ ತೆಗೆಸುವ ಮುಂಚೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ ಹೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕದ್ದು ನನಗೆ ಕಾಣಿಸಿತು. "ಈ ವಯಸ್ಸಿನ್ಯಾಗ ನಮಗ್ಯಾಕ್ರೀ ಹನಿಮೂನಿನ ಮಾತು?" ಅಂತ ಚಹಾದ ಹೊತ್ತಿಗೆ ಒಬ್ಬರು ಕೇಳಿಯೂ ಬಿಟ್ಟರು. ನಮಗೇ ಬೇಕು. ಯಾಕೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಮಧುಚಂದ್ರಕ್ಕೆ ದುಡ್ಡು ಕೊಡುವವರು, ಊರು ಆರಿಸುವವರು, ಕೊನೆಗೆ "ಮದುವೆಯ ಉಡುಗೊರೆ" ಅಂತ ಒಂದು ಕವರಿನಲ್ಲಿ ಪ್ಯಾಕೇಜ್ ಟೂರಿನ ಕಾಗದ ಇಟ್ಟು ಕೊಡುವವರು ನಾವೇ, ಹುಡುಗ-ಹುಡುಗಿಯ ಅಪ್ಪ ಅಮ್ಮಂದಿರು.

ನಮ್ಮ ಅಜ್ಜಿಯಂದಿರಿಗೆ ಮಧುಚಂದ್ರ ಎನ್ನುವ ಮಾತೇ ಇರಲಿಲ್ಲ. ಮದುವೆಯಾದ ಮೇಲೆ ಕುಲದೇವರಿಗೆ ಹೋಗಿ ಬರುವುದು, ಜೊತೆಗೆ ಹತ್ತು ಜನ. ಬಾದಾಮಿ ಬನಶಂಕರಿ, ಸವದತ್ತಿ ಎಲ್ಲಮ್ಮ, ತಿರುಪತಿ. ಇಲ್ಲಿ ನಮ್ಮ ಪುಣೆ ಜಿಲ್ಲೆಯ ಜೇಜುರಿಗೆ ಹೊಸ ಜೋಡಿಗಳು ಇವತ್ತಿಗೂ ಹೋಗುತ್ತವೆ. ಹುಡುಗ ಹುಡುಗಿಯನ್ನು ಎತ್ತಿಕೊಂಡು ಐದು ಮೆಟ್ಟಿಲಾದರೂ ಹತ್ತಬೇಕು ಅನ್ನುವುದು ಅಲ್ಲಿಯ ಪದ್ಧತಿ. ಜೇಜುರಿಯ ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ ಅಲ್ಲವೇ! ಆಮೇಲೆ ಊಟಿ, ಕೊಡೈಕನಾಲ್ ಬಂದವು. ಪುಣೆಯವರಿಗೆ ಮಹಾಬಳೇಶ್ವರ, ಮಾಥೇರಾನ್. ಈಗ ಬಾಲಿ, ಮಾಲ್ಡೀವ್ಸ್, ಸ್ವಿಟ್ಜರ್ಲೆಂಡ್.

ಊರು ದೂರವಾಯಿತು, ಪದ್ಧತಿ ಮಾತ್ರ ಹಾಗೇ ಉಳಿಯಿತು. ಎಲ್ಲರೂ ಹೋದಲ್ಲಿಗೇ ಹೋಗುವುದು, ಎಲ್ಲರೂ ನಿಂತಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುವುದು. ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ಶಿಖರದ ಮೇಲೆ ಶಾರುಖ್-ಕಾಜೋಲರ ಆಳೆತ್ತರದ ಚಿತ್ರ ನಿಲ್ಲಿಸಿದ್ದಾರೆ, ನಮ್ಮವರು ಫೋಟೋ ತೆಗೆಸಿಕೊಳ್ಳಲಿ ಅಂತಲೇ. ತೆಗೆಸಿಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಏಳು ದಿನದಲ್ಲಿ ನಾಲ್ಕು ಊರು, ದಿನಾ ಬೆಳಿಗ್ಗೆ ಆರಕ್ಕೆ ಸೂಟ್‌ಕೇಸ್ ಬಾಗಿಲ ಹೊರಗಿಡಬೇಕು, ಬಸ್ಸಿನಲ್ಲಿ ನಲವತ್ತು ಜನ. ಮದುವೆಯ ದಣಿವೇ ಇಳಿಯದ ಹುಡುಗಿ ಇದನ್ನು ಹೇಗೆ ತಡೆದುಕೊಳ್ಳುತ್ತಾಳೆ? ಅರಿಶಿಣ, ಮೆಹಂದಿ, ಮದುವೆ, ಆರತಕ್ಷತೆ, ಸತ್ಯನಾರಾಯಣ ಪೂಜೆ ಮುಗಿಸಿ ಮೂರನೇ ದಿನಕ್ಕೆ ವಿಮಾನ ಹತ್ತಿಸುವ ಅವಸರ ಯಾಕೋ ನನಗೆ ಅರ್ಥವಾಗಿಲ್ಲ. ತಿಂಗಳು ಬಿಟ್ಟು ಹೋದರೆ ಯಾರೇನೂ ಅನ್ನುವುದಿಲ್ಲ. ಹುಡುಗಿಯ ಮುಟ್ಟಿನ ದಿನಗಳನ್ನಾದರೂ ನೋಡಿ ಟಿಕೆಟ್ ತೆಗೆಸಿ. ಇದನ್ನು ಗಂಡಸರ ಸಭೆಯಲ್ಲಿ ಹೇಳಲಾಗುವುದಿಲ್ಲ, ಇಲ್ಲಿ ಹೇಳಿದ್ದೇನೆ.

ಮಕ್ಕಳು ನನ್ನ ಹತ್ತಿರ ಸಲಹೆ ಕೇಳಲು ಬಂದರೆ ಮೊದಲು ಊರಿನ ಹೆಸರು ಎತ್ತಬೇಡಿ ಅನ್ನುತ್ತೇನೆ. ಇಬ್ಬರಿಗೂ ಒಂದೊಂದು ಹಾಳೆ ಕೊಡುತ್ತೇನೆ. ಬೇರೆ ಬೇರೆ ಕೂತು, ನಿನಗೆ ಏನು ಇಷ್ಟ, ಏನು ಬೇಡವೇ ಬೇಡ, ಎರಡನ್ನೂ ಬರೆ. ಆಮೇಲೆ ಹಾಳೆ ಅದಲು ಬದಲು. ಹುಡುಗರು ಬೇಗ ಬರೆದು ಮುಗಿಸುತ್ತಾರೆ. ಹುಡುಗಿಯರಲ್ಲಿ ಎಷ್ಟೋ ಜನ "ಅವರಿಗೆ ಇಷ್ಟವಾದರೆ ನನಗೂ ಸರಿ" ಅಂತ ಒಂದೇ ಸಾಲು ಬರೆದು ಕೂತುಬಿಡುತ್ತಾರೆ. ಆ ಹಾಳೆಯನ್ನು ನಾನು ಒಪ್ಪುವುದಿಲ್ಲ. ಮುಂದೆ ಮನೆಯ ಸಾಲ, ಕೆಲಸ, ಮಕ್ಕಳು ಎಲ್ಲಕ್ಕೂ ಇದೇ ಒಂದು ಸಾಲು ಬರುತ್ತದೆ, ಅದಕ್ಕೇ ಇಲ್ಲೇ ತಡೆಯುವುದು ಒಳ್ಳೆಯದು.

ಹೋದ ವರ್ಷ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ, ಸಾತಾರಾ ಕಡೆಯ ಮರಾಠಿ ಹುಡುಗಿ ಬಂದಿದ್ದರು. ಇಬ್ಬರೂ ಹಿಂಜೇವಾಡಿಯಲ್ಲಿ ಕೆಲಸ. ಹುಡುಗನ ಹಾಳೆಯಲ್ಲಿ ಬಾಲಿ, ಬೀಚ್, ಸ್ಕೂಬಾ. ಹುಡುಗಿ ತುಂಬ ಹೊತ್ತು ಯೋಚಿಸಿ ಬರೆದಳು: "ನೀರಿಗೆ ಇಳಿಯಲು ಭಯ. ಅಪ್ಪನ ಹೊಲದ ಹಾಗೆ ಭತ್ತದ ಗದ್ದೆ ಇರುವ ಕಡೆ ಸುಮ್ಮನೆ ನಾಲ್ಕು ದಿನ ಇರಬೇಕು." ಹುಡುಗ ಹಾಳೆ ಓದಿ ಗಾಬರಿಯಾದ. ಆದರೆ ಇಬ್ಬರ ಆಸೆಯೂ ಬಾಲಿಯಲ್ಲೇ ತೀರುವಂಥದ್ದು!

ಬಾಲಿ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಉಯ್ಯಾಲೆ, ಹೂವು ತೇಲಿಬಿಟ್ಟ ಸ್ನಾನದ ತೊಟ್ಟಿ. ದ್ವೀಪದ ನಡುಭಾಗದಲ್ಲಿ ತಬಾನನ್ ಕಡೆ ಜತಿಲುವಿಹ್ ಎಂಬ ಊರಿದೆ. ಬೆಟ್ಟದ ಇಳಿಜಾರಿನ ತುಂಬ ಮೆಟ್ಟಿಲು ಮೆಟ್ಟಿಲಾಗಿ ಗದ್ದೆಗಳು. ಅವುಗಳಿಗೆ ನೀರು ಹಂಚುವ ರೈತರ ಸಂಘಕ್ಕೆ ಸುಬಕ್ ಎನ್ನುತ್ತಾರೆ. ಸಾವಿರ ವರ್ಷದಷ್ಟು ಹಳೆಯ ಏರ್ಪಾಡು. 2012ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾವ ಗದ್ದೆಗೆ ಯಾವಾಗ ನೀರು, ಯಾರು ಯಾವಾಗ ನಾಟಿ ಮಾಡಬೇಕು ಎನ್ನುವುದು ನೀರಿನ ದೇವಾಲಯಗಳ ಸುತ್ತ ನಡೆಯುವ ಕೂಟದಲ್ಲಿ ತೀರ್ಮಾನವಾಗುತ್ತದೆ. ನಮ್ಮ ಕಡೆ ಕೆರೆಯ ತೂಬಿಗೆ ನೀರುಗಂಟಿ ಇರುತ್ತಿದ್ದನಲ್ಲ, ಅದೇ ಬಗೆಯ ವ್ಯವಸ್ಥೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ದೇವಾಲಯದ ಲೆಕ್ಕ ಬಿಟ್ಟು ಎಲ್ಲರೂ ತಮಗೆ ಬೇಕಾದಾಗ ನಾಟಿ ಮಾಡತೊಡಗಿದಾಗ ನೀರಿನ ತೊಂದರೆಯಾಯಿತು, ಕೀಟಗಳು ಹೆಚ್ಚಿದವು. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞರು ಹಳೆಯ ಲೆಕ್ಕವೇ ಸರಿ ಅಂತ ತೋರಿಸಿಕೊಟ್ಟರು. ಆ ಹುಡುಗಿ ಅಲ್ಲಿ ಒಂದು ಮನೆಯಲ್ಲಿ ಉಳಿದು ದಿನಾ ಬದುವಿನ ಮೇಲೆ ನಡೆದಳಂತೆ. ಹುಡುಗ ಕೊನೆಯ ಎರಡು ದಿನ ಸಮುದ್ರಕ್ಕೆ ಇಳಿದ, ಅವಳು ದಂಡೆಯಲ್ಲಿ ಪುಸ್ತಕ ಹಿಡಿದು ಕೂತಳು. ಇಬ್ಬರೂ ಖುಷಿಯಾಗಿ ಬಂದರು.

ಬಾಲಿಯ ಇನ್ನೊಂದು ವಿಷಯ ಹೇಳಲೇಬೇಕು. ಅವರದೂ ಶಕ ವರ್ಷ. ಹೊಸ ವರ್ಷಕ್ಕೆ ನ್ಯೆಪಿ ಎನ್ನುತ್ತಾರೆ. ಕೆಲವು ವರ್ಷ ಅದು ನಮ್ಮ ಯುಗಾದಿಯ ಬುಡಕ್ಕೇ ಬರುತ್ತದೆ. 2025ರಲ್ಲಿ ನ್ಯೆಪಿ ಮಾರ್ಚ್ 29ಕ್ಕೆ, ನಮ್ಮ ಯುಗಾದಿ 30ಕ್ಕೆ. ನಾವು ಹೋಳಿಗೆ ಮಾಡಿದರೆ ಅವರು ದ್ವೀಪವನ್ನೇ ನಿಶ್ಶಬ್ದ ಮಾಡುತ್ತಾರೆ. ದೀಪ ಹಚ್ಚುವಂತಿಲ್ಲ, ಬೀದಿಗೆ ಇಳಿಯುವಂತಿಲ್ಲ, ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ ಕೂಡ ಬಂದ್. ತಿಳಿಯದೆ ಆ ದಿನಕ್ಕೆ ಟಿಕೆಟ್ ಹುಡುಕಿದರೆ ಪೇಚಾಟ. ತಿಳಿದೇ ಹೋದರೆ, ಹಿಂದಿನ ಸಂಜೆ ದೊಡ್ಡ ದೊಡ್ಡ ರಾಕ್ಷಸ ಬೊಂಬೆಗಳ ಮೆರವಣಿಗೆ ನೋಡಬಹುದು, ಮರುದಿನ ಫೋನಿಲ್ಲದೆ ಇಬ್ಬರೇ ಒಂದಿಡೀ ದಿನ ಕಳೆಯಬಹುದು. ಹೊಸದಾಗಿ ಮದುವೆಯಾದವರಿಗೆ ಇದಕ್ಕಿಂತ ಇನ್ನೇನು ಬೇಕು, ಅತ್ತೆಯ ವಿಡಿಯೋ ಕಾಲ್ ಕೂಡ ಬರುವುದಿಲ್ಲ!

ಇತಿಹಾಸದ ಹುಚ್ಚು ಇರುವ ಜೋಡಿಗೆ ವಿಯೆಟ್ನಾಂ ಹೇಳುತ್ತೇನೆ. ಡಾ ನಾಂಗಿಗೆ ಹೋದವರೆಲ್ಲ ಕಲ್ಲಿನ ಕೈಗಳು ಎತ್ತಿ ಹಿಡಿದಂತಿರುವ ಚಿನ್ನದ ಬಣ್ಣದ ಸೇತುವೆ ನೋಡಿ ಬರುತ್ತಾರೆ. ಅದು ಕಟ್ಟಿದ್ದೇ ಮೊನ್ನೆ ಮೊನ್ನೆ, 2018ರಲ್ಲಿ ತೆರೆದದ್ದು. ಅಲ್ಲಿಂದ ಹೆಚ್ಚು ದೂರವಿಲ್ಲದ ಮಿ ಸನ್ ಕಣಿವೆಯಲ್ಲಿ ಚಂಪಾ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳಿವೆ. ನಾಲ್ಕನೆಯ ಶತಮಾನದಲ್ಲಿ ಭದ್ರವರ್ಮ ಎಂಬ ರಾಜ ಪ್ರತಿಷ್ಠೆ ಮಾಡಿದ ದೇವರು ಭದ್ರೇಶ್ವರ. ಶಾಸನಗಳು ಸಂಸ್ಕೃತದಲ್ಲಿ. 1969ರ ಬಾಂಬ್ ದಾಳಿಯಲ್ಲಿ ಬಹಳಷ್ಟು ಹಾಳಾಯಿತು. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೇ ಅಲ್ಲಿ ಹೋಗಿ ದುರಸ್ತಿ ಕೆಲಸ ಮಾಡಿದ್ದಾರೆ. 2020ರಲ್ಲಿ ಹಾಗೆ ಕೆಲಸ ಮಾಡುವಾಗ ಏಕಶಿಲೆಯ ದೊಡ್ಡ ಲಿಂಗವೊಂದು ಸಿಕ್ಕಿತು. ಬಾದಾಮಿ, ಪಟ್ಟದಕಲ್ಲು ನೋಡಿ ಬೆಳೆದ ನಮ್ಮ ಮಕ್ಕಳು ಅಲ್ಲಿ ನಿಂತಾಗ ಆಗುವ ಅನುಭವವೇ ಬೇರೆ. ಪಕ್ಕದ ಹೋಯಿ ಆನ್ ಹಳೆಯ ಬಂದರು ಪಟ್ಟಣದಲ್ಲಿ ಉಳಿದುಕೊಳ್ಳಬಹುದು.

ಊಟದ ಚಿಂತೆ ನಿಮಗೆಲ್ಲ ಬಂದಿರುತ್ತದೆ. ವಿಯೆಟ್ನಾಮಿನಲ್ಲಿ ಮೀನಿನ ಸಾರ ಹಾಕದ ಅಡುಗೆ ಕಡಿಮೆ. ಆದರೆ ಬೌದ್ಧರ ಶಾಕಾಹಾರಕ್ಕೆ ಅವರು 'ಚಾಯ್' ಅನ್ನುತ್ತಾರೆ. ಚಹಾ ಅಲ್ಲ! ಆ ಫಲಕ ಇರುವ ಹೋಟೆಲ್ ಹುಡುಕಿದರೆ ಸಾಕು. ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸು, ಮಾಂಸ ತಿನ್ನುವವರೂ ಎಷ್ಟೋ ಜನ ಚಾಯ್ ಊಟ ಮಾಡುತ್ತಾರೆ. ಜಪಾನಿನಲ್ಲೂ ಹೀಗೇ. ಅಲ್ಲಿಯ ಸಾರಿಗೂ ಮೀನಿನ ರಸವೇ ಮೂಲ. ಆದರೆ ಒಸಾಕಾದಿಂದ ರೈಲಿನಲ್ಲಿ ಹೋಗಬಹುದಾದ ಕೋಯಾಸಾನ್ ಬೆಟ್ಟದ ಮೇಲೆ ಸುಮಾರು 50 ಬೌದ್ಧ ದೇವಾಲಯಗಳು ಯಾತ್ರಿಕರಿಗೆ ಕೋಣೆ ಕೊಡುತ್ತವೆ, ಶುದ್ಧ ಶಾಕಾಹಾರದ ಊಟ ಬಡಿಸುತ್ತವೆ. ಚಾಪೆಯ ಮೇಲೆ ಹಾಸಿಗೆ, ಬೆಳಿಗ್ಗೆ ಬೇಗ ಎದ್ದು ಪೂಜೆಗೆ ಕೂರಬಹುದು. ಮಧುಚಂದ್ರಕ್ಕೆ ಮಠವೇ ಅಂತ ನಗಬೇಡಿ, ಹೋಗಿ ಬಂದವರನ್ನು ಕೇಳಿ.

ಹವಾಮಾನ ನೋಡದೆ ಹಣ ಕಟ್ಟಬೇಡಿ. ಮೇ ತಿಂಗಳ ಮದುವೆಯವರಿಗೆ ಬಾಲಿ ಒಳ್ಳೆಯದು, ಅಲ್ಲಿ ಆಗ ಒಣ ಕಾಲ. ಮಾಲ್ಡೀವ್ಸಿನಲ್ಲಿ ಮಳೆ ಶುರುವಾಗಿರುತ್ತದೆ, ದರ ಅಗ್ಗ ಅಂತ ತೋರಿಸುವುದು ಅದಕ್ಕೇ. ಶ್ರೀಲಂಕಾದಲ್ಲಿ ಕೊಲಂಬೋ, ಗಾಲ್ ಕಡೆ ಮಳೆ ಬರುವಾಗ ಪೂರ್ವದ ತ್ರಿಕೋನಮಲೆ ಕಡೆ ಬಿಸಿಲು, ಸಮುದ್ರ ಶಾಂತ. ತುಳಸಿ ಲಗ್ನದ ನಂತರದ ಮದುವೆಯವರು ಹೋಯಿ ಆನ್‌ಗೆ ಅವಸರ ಮಾಡಬೇಡಿ, ಅಕ್ಟೋಬರ್-ನವೆಂಬರಿನಲ್ಲಿ ಅಲ್ಲಿ ಬೀದಿಯಲ್ಲೇ ನೀರು ನಿಲ್ಲುತ್ತದೆ. ಇನ್ನು ಆಷಾಢದ ಪ್ರಶ್ನೆ. ಆ ತಿಂಗಳು ಹೊಸ ಸೊಸೆ ತವರಿನಲ್ಲಿರಬೇಕು, ಜೋಡಿಯಾಗಿ ಹೇಗೆ ಕಳಿಸುವುದು ಅಂತ ಕೇಳುತ್ತಾರೆ. ಹಿರಿಯರನ್ನು ನೋಯಿಸುವುದು ಬೇಡ ಅಂದರೆ ಶ್ರಾವಣಕ್ಕೆ ಇಟ್ಟುಕೊಳ್ಳಿ, ಬಾಲಿಯಲ್ಲಿ ಆಗಲೂ ಬಿಸಿಲೇ.

ನೆಂಟರ ವಿಷಯ. ಲಂಡನ್ನಿನಲ್ಲಿ ಚಿಕ್ಕಪ್ಪ ಇದ್ದಾರೆ, ಅಲ್ಲೇ ಉಳಿದರೆ ಹೋಟೆಲ್ ಖರ್ಚು ಉಳಿಯಿತು ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಮೂರು ಮನೆಗೆ ಶೇಂಗಾ ಚಟ್ನಿಪುಡಿಯ ಡಬ್ಬಿ ತಲುಪಿಸುವುದರಲ್ಲೇ ಮಕ್ಕಳ ಮಧುಚಂದ್ರ ಮುಗಿದಿರುತ್ತದೆ. ಒಂದು ಊಟಕ್ಕೆ ಹೋಗಿ ಬರಲಿ. ಉಳಿದ ಹೊತ್ತು ಥೇಮ್ಸ್ ನದಿಯ ದಂಡೆಯಲ್ಲಿ ನಡೆಯಲಿ. ಅಲ್ಲಿ ಲ್ಯಾಂಬೆತ್ ಕಡೆ ನಮ್ಮ ಬಸವೇಶ್ವರರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಮರದ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದದ್ದು. ಮ್ಯೂಸಿಯಂ ಪ್ರವೇಶಕ್ಕೆ ದುಡ್ಡಿಲ್ಲ. ಮೇಣದ ಬೊಂಬೆ ನೋಡಲು ಕೊಡುವ ದುಡ್ಡಿಗೆ ಇಬ್ಬರೂ ಒಂದು ಒಳ್ಳೆಯ ಊಟ ಮಾಡಬಹುದು.

ಈಗ ಕಾಗದಪತ್ರ. ಇದನ್ನು ಹುಡುಗಿಯ ತಾಯಂದಿರು ಗಮನವಿಟ್ಟು ಕೇಳಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದಬೇಕು. ಮದುವೆ ಕಾಗದದಲ್ಲಿ ಏನು ಅಚ್ಚಾಗಿದೆ ಎಂಬುದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಅಡ್ಡಹೆಸರು ಬದಲಾದರೆ, ಇಲ್ಲಿ ಮಹಾರಾಷ್ಟ್ರದ ಕೆಲವು ಮನೆಗಳಲ್ಲಿ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ. ಅತ್ತೆಮನೆಯವರು ಪ್ರೀತಿಯಿಂದ ಹೊಸ ಹೆಸರಿನಲ್ಲಿ ಟಿಕೆಟ್ ತೆಗೆಸಿದರೆ ವಿಮಾನ ನಿಲ್ದಾಣದಲ್ಲಿ ಅವಳು ಹೊರಗೇ ನಿಲ್ಲಬೇಕಾದೀತು. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ಬದಲಿಸುವುದೋ ಬಿಡುವುದೋ ಅವಳ ಇಷ್ಟ. ಬದಲಿಸುವುದಾದರೂ ಪ್ರವಾಸ ಮುಗಿದ ಮೇಲೆ ನಿಧಾನವಾಗಿ ಮಾಡಲಿ. ಮದುವೆಗೆ ಮುಂಚೆ ವೀಸಾ ಅರ್ಜಿ ಹಾಕಿದರೆ ಆ ದಿನ ಅವಳ ಹೆಸರು ಏನೋ ಅದನ್ನೇ, ಅವಿವಾಹಿತೆ ಅಂತಲೇ ಬರೆಯಬೇಕು. ಹೇಗೂ ಆಗುವವಳು ಅಂತ ಮುಂಚಿತವಾಗಿ 'ವಿವಾಹಿತೆ' ಅಂತ ಬರೆಯುವುದು ಬೇಡ.

ಯುರೋಪಿನ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವಿಯೆಟ್ನಾಮಿಗೆ ಮನೆಯಲ್ಲೇ ಕೂತು ಇ-ವೀಸಾ ಮಾಡಿಕೊಳ್ಳಬಹುದು. ಬಾಡಿಗೆ ಸ್ಕೂಟರ್ ಹತ್ತುವ ಆಸೆಯಿದ್ದರೆ ಇಲ್ಲಿಯ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡೇ ಹೋಗಲಿ. ಅದಿಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತಿಬಿಡಬಹುದು.

ಕೊನೆಗೆ ಹಣ. ಮಗನ ಕೈಗೆ ಪ್ಯಾಕೇಜ್ ಕೊಡುವ ಬದಲು ಇಬ್ಬರಿಗೂ ಅರ್ಧರ್ಧ ಹಣ ಕೊಡಿ, ಹುಡುಗಿಯ ಪಾಲು ಹುಡುಗಿಯ ಖಾತೆಗೇ ಹೋಗಲಿ. ವಿದೇಶಿ ಪ್ಯಾಕೇಜ್ ಕೊಂಡರೆ ಅದರ ಮೇಲೆ ಟಿಸಿಎಸ್ ಹಿಡಿಯುತ್ತಾರೆ. ಯಾರ ಪ್ಯಾನ್ ಕೊಟ್ಟಿರುತ್ತೀರೋ ಅವರು ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು. ಅವಳ ಪಾಸ್‌ಪೋರ್ಟ್, ಅವಳ ಕಾರ್ಡ್, ಮರಳುವ ಟಿಕೆಟ್ಟಿನ ಪ್ರತಿ ಅವಳ ಚೀಲದಲ್ಲೇ ಇರಲಿ. ಅಳಿಯ ಎಷ್ಟೇ ಒಳ್ಳೆಯವನಾಗಿರಲಿ. ಒಬ್ಬರ ಚೀಲ ಕಳೆದುಹೋದರೂ ಇನ್ನೊಬ್ಬರ ಬಳಿ ಹಣ ಇರುತ್ತದೆ, ಬೀಗರು ಕೇಳಿದರೆ ಹಾಗೆ ಹೇಳಿ. ಮದುವೆಯಾಗಿ ಹದಿನೈದು ದಿನವೂ ಆಗದ ಗಂಡನ ಜೊತೆ, ಭಾಷೆ ಬಾರದ ದೇಶದಲ್ಲಿರುವ ಹುಡುಗಿಗೆ ಇನ್ನೊಂದು ಕಾರಣಕ್ಕೂ ಅದು ಬೇಕು. ಆ ಕಾರಣ ಇಲ್ಲಿರುವ ತಾಯಂದಿರಿಗೆಲ್ಲ ಗೊತ್ತು.

ಹಾಳೆ-ಪೆನ್ನು ತಂದಿದ್ದೇನೆ. ಮನೆಯಲ್ಲಿ ಮದುವೆ ಗೊತ್ತಾಗಿರುವವರು ಎರಡೆರಡು ಹಾಳೆ ತೆಗೆದುಕೊಂಡು ಹೋಗಿ. ಪ್ರಶ್ನೆ ಇರುವವರು ಈಗ ಕೇಳಿ.